ಮಳೆ ಹಿಡಿಯುವ ಮೊದಲು: ಪವರ್ ಬ್ಯಾಂಕಿನ ಕೇಸ್ ಆರಿಸಲು ಕಳಸದವರಿಗೆ 15 ಸೂತ್ರಗಳು

ಆರಿದ್ರಾ ಮಳೆ ಹಿಡಿದ ಮೇಲೆ ಕಳಸ, ಹೊರನಾಡು, ಸಂಸೆ, ಬಾಳೆಹೊಳೆ ಕಡೆಯವರು ಯಾರೂ ಕರೆಂಟನ್ನು ನಂಬಿ ಕೂರುವುದಿಲ್ಲ. ಗಾಳಿಗೆ ಮರ ಲೈನಿನ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ. ಮೆಸ್ಕಾಂ ಲೈನ್‌ಮನ್‌ಗಳು ಮಳೆಯಲ್ಲೇ ನಿಂತು ಮರ ಕಡಿದು ತಂತಿ ಎಳೆದು ಮುಗಿಸುವಷ್ಟರಲ್ಲಿ ಇನ್ನೊಂದು ಗುಡ್ಡದಲ್ಲಿ ಇನ್ನೊಂದು ಮರ ಉರುಳಿರುತ್ತದೆ. ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ನೇರ ದಾರಿ ಕಟ್ಟಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದಾಗ, ಚಾರ್ಮಾಡಿ ಘಾಟಿ ಮುಚ್ಚಿದಾಗ, ಫೋನಿನಲ್ಲಿ ಉಳಿದ ಚಾರ್ಜ್‌ಗೆ ಎಷ್ಟು ಬೆಲೆ ಎಂಬುದು ಈ ಸೀಮೆಗೆಲ್ಲ ತಿಳಿಯಿತು.

ಹಾಗಾಗಿ ಇಲ್ಲಿ ಪವರ್ ಬ್ಯಾಂಕ್ ಎಂಬುದು ಟಾರ್ಚು, ಬೆಂಕಿಪೊಟ್ಟಣಗಳ ಸಾಲಿಗೆ ಸೇರಿದ ಸಾಮಾನು. ಅದನ್ನು ಕೊಳ್ಳುವಾಗ ನಾಲ್ಕು ಅಂಗಡಿ ವಿಚಾರಿಸುವವರು ಕೇಸ್ ಕೊಳ್ಳುವಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಬಯಲುಸೀಮೆಯಲ್ಲಿ ಅದು ನಡೆದೀತು, ಮಲೆನಾಡಿನಲ್ಲಿ ನಡೆಯುವುದಿಲ್ಲ. ತಪ್ಪು ಕೇಸು ಇಲ್ಲಿ ಪವರ್ ಬ್ಯಾಂಕನ್ನು ಕಾಪಾಡುವ ಬದಲು ಬೇಗ ಕೆಡಿಸುತ್ತದೆ.

1. ಮೊದಲು ಪವರ್ ಬ್ಯಾಂಕನ್ನೇ ತಿರುಗಿಸಿ ನೋಡಿ

ಎಷ್ಟೇ ಒಳ್ಳೆಯ ಕೇಸಾದರೂ ಕಳಪೆ ಪವರ್ ಬ್ಯಾಂಕನ್ನು ಸುರಕ್ಷಿತ ಮಾಡಲಾರದು. ಭಾರತದಲ್ಲಿ ಪವರ್ ಬ್ಯಾಂಕ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಹಿಂಭಾಗದಲ್ಲಿ ಬಿಐಎಸ್ ಗುರುತು, ಐಎಸ್ 13252 ಎಂಬ ಮಾನಕದ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಗೆ ಸೇರಿದ್ದೆಂದು ಗೊತ್ತಾಗುತ್ತದೆ. ಗುರುತೇ ಇಲ್ಲದ ಪವರ್ ಬ್ಯಾಂಕಿಗೆ ಕೇಸ್ ಹುಡುಕುವ ಶ್ರಮ ಬೇಡ, ಅದನ್ನು ಬದಲಿಸಿ.

ಇನ್ನೊಂದು ಲೆಕ್ಕವೂ ತಿಳಿದಿರಲಿ. 10,000 ಎಂಎಎಚ್ ಎಂದು ಬರೆದಿದ್ದರೆ ಅದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಅದನ್ನು 5 ವೋಲ್ಟ್‌ಗೆ ಏರಿಸಿ ಹೊರಗೆ ಕೊಡುವಾಗ ಒಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. 5,000 ಎಂಎಎಚ್ ಬ್ಯಾಟರಿಯ ಫೋನು ಇದರಿಂದ ಸುಮಾರು ಒಂದೂವರೆ ಸಲ ತುಂಬೀತು. ಮೂರು ದಿನ ಕರೆಂಟಿಲ್ಲದ ಮನೆಗೆ 20,000ದ್ದೇ ಬೇಕು. ಅದು ದಪ್ಪ, ತೂಕವೂ ಹೆಚ್ಚು. ಕೇಸಿನ ಆಯ್ಕೆ ಶುರುವಾಗುವುದು ಇಲ್ಲಿಂದ.

2. ಕಾಪಾಡಬೇಕಾದ್ದು ಯಾವುದರಿಂದ ಎಂದು ಗೊತ್ತುಮಾಡಿಕೊಳ್ಳಿ

ಮಾರಾಟಕ್ಕಿರುವ ಕೇಸುಗಳ ಮೇಲೆಲ್ಲ ‘ಶಾಕ್‌ಪ್ರೂಫ್’ ಎಂದೇ ದೊಡ್ಡದಾಗಿ ಬರೆದಿರುತ್ತದೆ. ಬೆಂಗಳೂರಿನ ಮೆಟ್ರೋದಲ್ಲಿ ಓಡಾಡುವವರಿಗೆ ಬೀಳುವ ಭಯವೇ ದೊಡ್ಡದು. ಕಳಸದಲ್ಲಿ ಭಯ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಮನೆಯೊಳಗೂ ಆರದ ತೇವ, ಬೆಳಿಗ್ಗೆ ಕಿಟಕಿಯಿಂದ ಒಳಗೇ ಬರುವ ಮಂಜು, ತೋಟದಲ್ಲಿ ಔಷಧಿ ಸಿಂಪಡಿಸುವಾಗಿನ ತುಂತುರು, ಜೀಪಿನ ಕುಲುಕಾಟ. ಬೀಳುವುದು ಈ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ನೀರಿಗೂ ತೇವಕ್ಕೂ ಮೊದಲ ಅಂಕ ಕೊಡಿ, ಪೆಟ್ಟಿಗೆ ಎರಡನೆಯದು, ಅಂದಕ್ಕೆ ಉಳಿದದ್ದು.

3. ಅಳತೆಪಟ್ಟಿ ಹಿಡಿದು ಅಳೆಯಿರಿ

‘20,000 ಎಂಎಎಚ್‌ಗೆ ಆಗುವ ಕೇಸ್’ ಎಂಬ ಮಾತಿಗೆ ಅರ್ಥವಿಲ್ಲ. ಒಂದೇ ಸಾಮರ್ಥ್ಯದ ಎರಡು ಪವರ್ ಬ್ಯಾಂಕ್‌ಗಳಲ್ಲಿ ಒಂದು ಉದ್ದಕ್ಕೆ ತೆಳ್ಳಗಿರುತ್ತದೆ, ಇನ್ನೊಂದು ಗಿಡ್ಡಕ್ಕೆ ದಪ್ಪಗಿರುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಸುತ್ತಲೂ 3ರಿಂದ 5 ಮಿಲಿಮೀಟರ್ ಸಡಿಲ ಇರಲಿ. ಬಿಗಿಯಾಗಿ ಕಚ್ಚಿ ಕೂರುವ ಗಟ್ಟಿ ಕೇಸಿನಲ್ಲಿ ಬಿಸಿ ಹೋಗಲು ಜಾಗವಿಲ್ಲ, ಸೆಲ್ ಉಬ್ಬಿದರೆ ತಕ್ಷಣ ಕಾಣುವುದೂ ಇಲ್ಲ. ಕೇಬಲ್ಲನ್ನೂ ಒಳಗೇ ಇಡುವುದಾದರೆ ಕೇಬಲ್ ಸುತ್ತಿಟ್ಟು ಅದರ ಜೊತೆಗೇ ಅಳೆಯಿರಿ.

4. ಒಂದೇ ಕೇಸಿನಿಂದ ಎಲ್ಲ ಕೆಲಸ ಬಯಸಬೇಡಿ, ಎರಡು ಪದರ ಮಾಡಿ

ಇದು ನನ್ನ ಖಚಿತ ಅಭಿಪ್ರಾಯ: ಪೆಟ್ಟಿಗೆ ಒಂದು ಕವರು, ಮಳೆಗೆ ಇನ್ನೊಂದು ಚೀಲ. ಎರಡನ್ನೂ ಒಂದರಲ್ಲೇ ಕೊಡುತ್ತೇವೆನ್ನುವ ಕೇಸುಗಳು ಒಂದೋ ದುಬಾರಿ, ಇಲ್ಲವೇ ಎರಡರಲ್ಲೂ ಅರೆಬರೆ.

ಒಳಪದರಕ್ಕೆ ಸಿಲಿಕೋನ್ ಅಥವಾ ಟಿಪಿಯು ಕವರು ಸಾಕು. ಸಿಲಿಕೋನ್ ಮೆತ್ತಗೆ, ಒದ್ದೆ ಕೈಯಿಂದಲೂ ಜಾರುವುದಿಲ್ಲ, ತೇವಕ್ಕೆ ಕೊಳೆಯುವುದಿಲ್ಲ. ಧೂಳು ಹಿಡಿಯುತ್ತದೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಟಿಪಿಯು ಸ್ವಲ್ಪ ಗಟ್ಟಿ, ಮೂಲೆಗಳಿಗೆ ಬಲ ಹೆಚ್ಚು. ಯಾವುದೇ ಆದರೂ ನಾಲ್ಕು ಮೂಲೆಗಳು ಉಳಿದ ಭಾಗಕ್ಕಿಂತ ದಪ್ಪಗಿವೆಯೇ ಎಂದು ನೋಡಿ, ಏಕೆಂದರೆ ಕೈಜಾರಿದ ವಸ್ತು ಹೆಚ್ಚಾಗಿ ಮೂಲೆಯ ಮೇಲೇ ಬೀಳುತ್ತದೆ. ಪವರ್ ಬ್ಯಾಂಕ್ ಭಾರವಾದಷ್ಟೂ ಬಿದ್ದಾಗಿನ ಪೆಟ್ಟು ಜೋರು. ತೂಕ ಇಮ್ಮಡಿಯಾದರೆ ಅದೇ ಎತ್ತರದಿಂದ ಬೀಳುವ ಪೆಟ್ಟಿನ ಶಕ್ತಿಯೂ ಇಮ್ಮಡಿ. 10,000ಕ್ಕೆ ಸಾಕಾಗುವ ತೆಳು ಕವರು 20,000ಕ್ಕೆ ಸಾಲದು.

ಹೊರಪದರಕ್ಕೆ ಬಾಯಿ ಸುರುಳಿ ಸುತ್ತಿ ಕ್ಲಿಪ್ ಹಾಕುವ ಡ್ರೈಬ್ಯಾಗ್. ತಾಡಪಾಲಿನ ಹಾಗೆ ಪಿವಿಸಿ ಲೇಪನದ ಬಟ್ಟೆ, ಬೆಸೆದ ಅಂಚು, ಹೊಲಿಗೆ ಇಲ್ಲ. ಹೊಲಿಗೆ ಇದ್ದಲ್ಲಿ ಸೂಜಿಯ ತೂತು ಇರುತ್ತದೆ, ತೂತು ಇದ್ದಲ್ಲಿ ಪುಷ್ಯ ಮಳೆ ಒಳಗೆ ಬರುತ್ತದೆ. 1 ಲೀಟರಿನ ಚೀಲ ಸಾಕು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಿಸಿ ಕ್ಲಿಪ್ ಹಾಕಬೇಕು, ಎರಡು ಸುತ್ತಿಗೆ ನಿಲ್ಲಿಸಿದರೆ ನೀರು ನುಸುಳುತ್ತದೆ. ಒಳಗೆ ಸ್ವಲ್ಪ ಗಾಳಿ ಉಳಿಸಿ ಮಡಿಸಿದರೆ ಇನ್ನೊಂದು ಲಾಭವಿದೆ. 400 ಗ್ರಾಂ ತೂಕದ ಸರಂಜಾಮನ್ನು ತೇಲಿಸಲು 400 ಮಿಲಿಲೀಟರಿಗಿಂತ ಹೆಚ್ಚು ನೀರನ್ನು ಸರಿಸುವಷ್ಟು ಗಾತ್ರವಿದ್ದರೆ ಆಯಿತು. ಹಳ್ಳ ದಾಟುವಾಗ ಕೈಬಿಟ್ಟರೂ ಚೀಲ ಮುಳುಗುವುದಿಲ್ಲ.

ಎಲ್ಲೆಡೆ ಸಿಗುವ ಕಪ್ಪು ಬಣ್ಣದ ಜಿಪ್ ಇರುವ ಇವಿಎ ಪೆಟ್ಟಿಗೆಯ ಬಗ್ಗೆ ಒಂದು ಮಾತು. ಪೆಟ್ಟು ತಡೆಯಲು ಅದು ಒಳ್ಳೆಯದು, ಹಗುರ, ಒಳಗಿನ ಜಾಲರಿ ಜೇಬಿನಲ್ಲಿ ಕೇಬಲ್ ಇಡಬಹುದು. ಆದರೆ ಅದರ ಸಾಧಾರಣ ಜಿಪ್ ನೀರು ತಡೆಯುವುದಿಲ್ಲ. ಹೊರಗಿನ ಬಟ್ಟೆ ನೀರು ಕುಡಿದರೆ ಮಳೆಗಾಲದಲ್ಲಿ ದಿನಗಟ್ಟಲೆ ಆರುವುದಿಲ್ಲ. ನವೆಂಬರ್‌ನಿಂದ ಮೇವರೆಗೆ, ಕಾಫಿ ಕೊಯ್ಲಿಗೂ ಬಸ್ ಪ್ರಯಾಣಕ್ಕೂ ಅದು ಸರಿ. ಮಳೆಗಾಲಕ್ಕೆ ಅದೊಂದನ್ನೇ ನಂಬಬೇಡಿ.

5. ಐಪಿ ಸಂಖ್ಯೆ ಕೇಳಿ

‘ವಾಟರ್‌ಪ್ರೂಫ್’ ಎಂಬ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಐಪಿ ಎಂಬ ಅಕ್ಷರಗಳ ಮುಂದಿನ ಎರಡು ಅಂಕಿಗಳೇ ನಿಜವಾದ ಭರವಸೆ. ಮೊದಲನೆಯದು ಧೂಳಿಗೆ, 0ಯಿಂದ 6ರವರೆಗೆ. ಎರಡನೆಯದು ನೀರಿಗೆ, 0ಯಿಂದ 9ರವರೆಗೆ. ಎಕ್ಸ್ ಎಂದಿದ್ದರೆ ಆ ಪರೀಕ್ಷೆ ಮಾಡಿಲ್ಲ ಎಂದು ತಿಳಿಯಿರಿ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚುವ ನೀರಿಗೆ ತಡೆ, ಕೊಡೆ ಹಿಡಿದು ಅಂಗಡಿಗೆ ಹೋಗಿಬರಲು ಸಾಕು. ಐಪಿ67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ತೋಟಕ್ಕೂ ಬೈಕಿಗೂ ಇದನ್ನೇ ಹುಡುಕಿ. ಪರೀಕ್ಷೆ ನಡೆಯುವುದು ಹೊಸ ಕೇಸಿನ ಮೇಲೆ, ನಿಂತ ಶುದ್ಧ ನೀರಿನಲ್ಲಿ. ಎರಡು ಮಳೆಗಾಲ ಕಂಡು ರಬ್ಬರ್ ಅಂಚು ಒಣಗಿದ ಕೇಸಿಗೆ ಆ ಸಂಖ್ಯೆ ಅನ್ವಯಿಸುವುದಿಲ್ಲ.

6. ಚಾರ್ಜ್ ಆಗುವಾಗ ಕೇಸಿನಿಂದ ಹೊರಗೆ ತೆಗೆಯಿರಿ, ಹಾಗೆ ತೆಗೆಯಲು ಸುಲಭವಾದದ್ದನ್ನೇ ಕೊಳ್ಳಿ

ಹದಿನೈದರಲ್ಲಿ ಒಂದನ್ನೇ ನೆನಪಿಡುತ್ತೇನೆ ಎನ್ನುವವರು ಇದನ್ನು ನೆನಪಿಡಿ.

ಲಿಥಿಯಂ ಅಯಾನ್ ಸೆಲ್‌ಗೆ ಚಾರ್ಜ್ ತುಂಬಿಸುವಾಗ ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್‌ನ ಮಿತಿ ಇದೆ. ಕರೆಂಟು ಬಂದ ಎರಡು ಗಂಟೆಯಲ್ಲಿ ತುಂಬಿಸಿಕೊಳ್ಳೋಣವೆಂದು ಎಲ್ಲರೂ ವೇಗದ ಚಾರ್ಜರ್ ಹಾಕುತ್ತಾರೆ, ವೇಗ ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ. ಮೇಲೆ ದಪ್ಪ ಸಿಲಿಕೋನ್, ಅದರ ಮೇಲೆ ಬಾಯಿ ಕಟ್ಟಿದ ಡ್ರೈಬ್ಯಾಗ್ ಇದ್ದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಹೊರಗೆ 20 ಡಿಗ್ರಿ ಚಳಿಯಿದ್ದರೂ ಒಳಗೆ ಸೆಲ್ ಬೇಯುತ್ತಿರುತ್ತದೆ. ಒಂದೆರಡು ಸಲಕ್ಕೆ ಏನೂ ಆಗದಿರಬಹುದು. ತಿಂಗಳುಗಟ್ಟಲೆ ಹೀಗೆ ನಡೆದರೆ ಸಾಮರ್ಥ್ಯ ಇಳಿಯುತ್ತದೆ, ಕೊನೆಗೆ ಸೆಲ್ ಉಬ್ಬುತ್ತದೆ. ಮಳೆಗಾಲದಲ್ಲಿ ಮಂಚದ ಮೇಲೆ ಕಂಬಳಿಯ ಕೆಳಗೆ ಇಟ್ಟು ಚಾರ್ಜ್ ಮಾಡುವ ರೂಢಿಯನ್ನಂತೂ ಇಂದೇ ಬಿಡಬೇಕು.

ಅಂಗಡಿಯಲ್ಲೇ ಪರೀಕ್ಷಿಸಿ: ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಎರಡೂ ಕೈ ಬಳಸಿ ಉಗುರಿನಿಂದ ಎಬ್ಬಿಸಬೇಕಾದ ಕೇಸನ್ನು ಮನೆಯಲ್ಲಿ ಯಾರೂ ತೆಗೆಯುವುದಿಲ್ಲ. ಅಜ್ಜಿಯ ಕೈಗೂ ಸುಲಭವಾಗಿ ಬರುವ ಕೇಸೇ ಒಳ್ಳೆಯ ಕೇಸು. ಚಾರ್ಜಿಗೆ ಇಡುವ ಜಾಗ ಸಿಮೆಂಟು ಅಥವಾ ಕಡಪ ಕಲ್ಲಿನ ಕಟ್ಟೆಯಾಗಿರಲಿ. ಗೋಣಿಚೀಲ, ಹಾಸಿಗೆ, ಪೇಪರಿನ ರಾಶಿ ಬೇಡ.

ಫೋನಿಗೆ ಚಾರ್ಜ್ ಕೊಡುವಾಗಲೂ ಬಿಸಿ ಉಂಟು, ಆದರೆ ಕಡಿಮೆ. ಆಗ ಒಳಕವರು ಇರಲಿ, ಹೊರಚೀಲದ ಬಾಯಿ ಮಾತ್ರ ತೆರೆದಿರಲಿ.

7. ತೇವವನ್ನು ಒಳಗೇ ಕಟ್ಟಿಹಾಕಬೇಡಿ

ಸರಿಯಾಗಿ ಒಣಗದ ಕಾಳುಮೆಣಸನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಪವರ್ ಬ್ಯಾಂಕಿಗೂ ಅದೇ ನಿಯಮ. ಒದ್ದೆ ಗಾಳಿಯ ಜೊತೆಗೇ ಚೀಲದ ಬಾಯಿ ಮುಚ್ಚಿದರೆ ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಹನಿಯಾಗಿ ಒಳಗೇ ಕೂರುತ್ತದೆ. ಒಂದು ಹನಿ ಮಳೆಯೂ ಬೀಳದೆ ಯುಎಸ್‌ಬಿ ಕಿಂಡಿ ತುಕ್ಕು ಹಿಡಿಯುವುದು ಹೀಗೆ.

ಒಣ ಬಟ್ಟೆಯಲ್ಲಿ ಒರೆಸಿ, ಚಾರ್ಜ್ ಮಾಡಿದ ಬಿಸಿ ಆರಿದ ಮೇಲೆ ಒಳಗಿಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಪುಟ್ಟ ಪೊಟ್ಟಣಗಳು ಮನೆಗೆ ಬರುವಷ್ಟರಲ್ಲೇ ತೇವ ಹೀರಿ ಮುಗಿದಿರುತ್ತವೆ, ಅವುಗಳಿಂದ ಪ್ರಯೋಜನ ಕಡಿಮೆ. ಬಣ್ಣ ಬದಲಿಸುವ ಕಿತ್ತಳೆ ಹರಳುಗಳನ್ನು ಕೊಳ್ಳಿ. ಅವು ಹಸಿರಾದರೆ ತೇವ ತುಂಬಿದೆ ಎಂದರ್ಥ. ನೀಲಿಯಿಂದ ಗುಲಾಬಿಯಾಗುವ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಬೇಡ. ಹಸಿರಾದ ಹರಳನ್ನು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಸುಮಾರು 110-120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಒಂದೇ ಪೊಟ್ಟಣ ಇಡೀ ಮಳೆಗಾಲಕ್ಕೆ ಬರುತ್ತದೆ.

8. ಚರ್ಮವೂ ಬೇಡ, ರೆಕ್ಸಿನ್ನೂ ಬೇಡ

ನೋಡಲು ಚೆಂದ, ಕೊಡುಗೆ ಕೊಡಲು ಚೆಂದ. ಆಶ್ಲೇಷ ಮಳೆ ಮುಗಿಯುವಷ್ಟರಲ್ಲಿ ಚರ್ಮದ ಪೌಚಿನ ಮೇಲೆ ಬೂಷ್ಟು ಬೆಳ್ಳಗೆ ಹಬ್ಬಿರುತ್ತದೆ. ಪಾಲಿಯುರೆಥೇನ್ ಲೇಪನದ ಕೃತಕ ಚರ್ಮದ್ದು ಇನ್ನೂ ಕಷ್ಟ. ಗಾಳಿಯ ತೇವವೇ ಆ ಲೇಪನವನ್ನು ಒಡೆದು ಅಂಟಂಟಾಗಿಸಿ, ಸಿಪ್ಪೆಯಾಗಿ ಉದುರಿಸುತ್ತದೆ. ಅಟ್ಟದಲ್ಲಿಟ್ಟ ಶೂಗಳ ಅಟ್ಟೆ ಪುಡಿಯಾಗುವುದೂ ಇದೇ ಕಾರಣಕ್ಕೆ.

9. ಬಣ್ಣ ಕಿತ್ತಳೆ ಅಥವಾ ಹಳದಿ

ಕಪ್ಪು, ಕಂದು, ಹಸಿರು ಕೇಸು ಕಾಫಿ ಗಿಡದ ಬುಡದ ದರಗಿನಲ್ಲಿ ಬಿದ್ದರೆ ಸಿಗುವುದಿಲ್ಲ. ಕರೆಂಟಿಲ್ಲದ ರಾತ್ರಿ ಮನೆಯೊಳಗೂ ಸಿಗುವುದಿಲ್ಲ. ಕಪ್ಪು ಬಣ್ಣ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬೇಗ ಕಾಯುತ್ತದೆ ಕೂಡ. ಯಾವ ಬಣ್ಣದ್ದನ್ನೂ ಅಲ್ಲಿಡಬೇಡಿ.

10. ಕಿಂಡಿಗಳಿಗೆ ಬಿರಡೆ ಇರಲಿ

ನೀರು ಒಳಹೋಗುವುದು ಯುಎಸ್‌ಬಿ ಕಿಂಡಿಗಳಿಂದ. ಕಿಂಡಿ ಒದ್ದೆಯಾಗಿರುವಾಗಲೇ ಕೇಬಲ್ ಚುಚ್ಚಿದರೆ ವಿದ್ಯುತ್ತು ಹರಿದು ಲೋಹ ಕರಗಿ ಹಸಿರು ಕಿಲುಬು ಕಟ್ಟುತ್ತದೆ. ಟೈಪ್-ಸಿ ಕಿಂಡಿಯೊಳಗಿನ ಕಡ್ಡಿಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ಅಷ್ಟು ಸಣ್ಣ ಕಿಲುಬೇ ಚಾರ್ಜ್ ನಿಲ್ಲಿಸಲು ಸಾಕು.

ಅಡಿಕೆ ತೋಟದವರು ಇದನ್ನು ಇನ್ನೂ ಗಂಭೀರವಾಗಿ ಕೇಳಬೇಕು. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮರದ ತುದಿಯಿಂದ ಇಳಿಯುವ ಆ ತುಂತುರು ಕೆಳಗೆ ನಿಂತವರ ಜೇಬಿಗೂ ಬೀಳುತ್ತದೆ. ಒಣಗಿದ ಮೇಲೆ ಉಳಿಯುವ ತಾಮ್ರದ ಲವಣ ಲೋಹಕ್ಕೆ ಆಗದ ವಸ್ತು. ಔಷಧಿ ಹೊಡೆಯುವ ದಿನ ಬಿರಡೆ ಹಾಕಿದ ಕವರು, ಅದರ ಮೇಲೆ ಮುಚ್ಚಿದ ಚೀಲ, ಎರಡೂ ಇಲ್ಲದೆ ಪವರ್ ಬ್ಯಾಂಕ್ ತೋಟಕ್ಕಿಳಿಯಬಾರದು. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಡುವುದೂ ಬೇಡ.

ಕಿಂಡಿ ಮುಚ್ಚುವ ಎಚ್ಚರ ಮಳೆನಾಡಿಗಷ್ಟೇ ಸೀಮಿತವಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹಾರುವ ಮೊದಲೇ ಹೊತ್ತಿ ಉರಿಯಿತು. ಪವರ್ ಬ್ಯಾಂಕಿನಿಂದ ಬೆಂಕಿ ಎದ್ದಿರುವ ಸಾಧ್ಯತೆಯತ್ತ ತನಿಖೆ ಬೊಟ್ಟು ಮಾಡಿತು. ಅದೇ ವರ್ಷದ ಮಾರ್ಚ್ 1ರಿಂದ ಆ ದೇಶದಲ್ಲಿ ಪವರ್ ಬ್ಯಾಂಕನ್ನು ತಲೆಯ ಮೇಲಿನ ಸಾಮಾನಿನ ಗೂಡಿನಲ್ಲಿ ಇಡುವಂತಿಲ್ಲ, ಶಾರ್ಟ್ ಆಗದಂತೆ ಕಿಂಡಿ ಮುಚ್ಚಿ ಪ್ರಯಾಣಿಕರೇ ತಮ್ಮ ಬಳಿ ಇಟ್ಟುಕೊಳ್ಳಬೇಕು. ಮಂಗಳೂರು ಅಥವಾ ಬೆಂಗಳೂರಿನಿಂದ ವಿಮಾನ ಹತ್ತುವ ಕಳಸದ ಮಕ್ಕಳೂ ತಿಳಿದಿರಬೇಕು: ಚೆಕ್-ಇನ್ ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಹಾಕುವಂತಿಲ್ಲ, ಕೈಚೀಲದಲ್ಲಿ ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ದು 74, ಹಾಗಾಗಿ ತೊಂದರೆಯಿಲ್ಲ. ಆ ಸಂಖ್ಯೆ ಬರೆದ ಜಾಗವನ್ನು ಮುಚ್ಚದ ಕೇಸು ತೆಗೆದುಕೊಳ್ಳಿ.

11. ಕತ್ತಿ, ಕೀ, ಚಿಲ್ಲರೆಗೆ ಬೇರೆ ಜಾಗ

ಪೌಚಿಗೆ ಎರಡು ಜೇಬಿದ್ದರೆ ಎರಡರಲ್ಲೂ ಏನಾದರೂ ತುಂಬಿಸುವ ಆಸೆಯಾಗುತ್ತದೆ. ಅಡಕತ್ತರಿ, ಗಿಡ ಸವರುವ ಚಾಕು, ಬೈಕಿನ ಕೀ ಪವರ್ ಬ್ಯಾಂಕಿನ ಪಕ್ಕ ಬೇಡವೇ ಬೇಡ. ತೆಳು ಹೊದಿಕೆಯ ಸೆಲ್‌ಗೆ ಚೂಪು ಲೋಹ ಚುಚ್ಚಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ.

12. ದೀಪ ಕಾಣಬೇಕು, ಗುಂಡಿ ಸಿಗಬೇಕು

ಎಷ್ಟು ಚಾರ್ಜ್ ಉಳಿದಿದೆ ಎಂದು ನೋಡಲು ಪ್ರತಿಸಲ ಚೀಲ ಬಿಚ್ಚಬೇಕಾದರೆ ಪ್ರತಿಸಲ ತೇವ ಒಳಗೆ ಹೋಗುತ್ತದೆ. ಪಾರದರ್ಶಕ ಮುಖದ ಡ್ರೈಬ್ಯಾಗ್ ಸಿಗುತ್ತದೆ, ಅದನ್ನೇ ಆರಿಸಿ. ಕೇಬಲ್ ಇಲ್ಲದೆ ಫೋನನ್ನು ಮೇಲಿಟ್ಟು ಚಾರ್ಜ್ ಮಾಡುವ ಪವರ್ ಬ್ಯಾಂಕಾದರೆ ಲೋಹದ ತಗಡಿರುವ ಕೇಸು ಕೂಡದು, ತಗಡೇ ಕಾಯತೊಡಗುತ್ತದೆ.

13. ಸೂರಿನ ನೀರಿನ ಕೆಳಗೆ ಪರೀಕ್ಷಿಸಿ

ಹೊಸ ಕೇಸಿನೊಳಗೆ ಮೊದಲ ದಿನವೇ ಪವರ್ ಬ್ಯಾಂಕ್ ಇಡಬೇಡಿ. ಅದೇ ತೂಕದ ಕಲ್ಲೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಳಗಿಟ್ಟು ಮುಚ್ಚಿ, ಹಂಚಿನ ಸೂರಿನಿಂದ ನೀರು ಸುರಿಯುವಲ್ಲಿ ಒಂದು ಗಂಟೆ ಇಡಿ. ಮಳೆ ಬರುವ ಮೊದಲೇ ಕೊಂಡಿದ್ದರೆ ನಲ್ಲಿಯ ಕೆಳಗೆ. ತೆಗೆದು ಪತ್ರಿಕೆಯ ಮೂಲೆಗಳನ್ನು ಮುಟ್ಟಿ ನೋಡಿ. ಒಂದು ಮೂಲೆ ಮೆತ್ತಗಾಗಿದ್ದರೂ ಕೇಸನ್ನು ವಾಪಸ್ ಕೊಡಿ. ಪ್ರತಿ ವರ್ಷ ಮೇ ಕೊನೆಯಲ್ಲಿ ಈ ಪರೀಕ್ಷೆ ಮತ್ತೊಮ್ಮೆ ಮಾಡಬೇಕು, ಡ್ರೈಬ್ಯಾಗ್ ಹೆಚ್ಚಾಗಿ ಬಿರಿಯುವುದು ಮಡಿಕೆಯ ಗೆರೆಯಲ್ಲಿ.

14. ಯಾರು ಒಯ್ಯುತ್ತಾರೆ ಎಂಬುದಕ್ಕೆ ತಕ್ಕ ಹಾಗೆ ಆರಿಸಿ

ಮನೆಯಲ್ಲೇ ಉಳಿಯುವ ಪವರ್ ಬ್ಯಾಂಕಿಗೆ ದುಬಾರಿ ಕೇಸು ಬೇಕಿಲ್ಲ. ಅಂಚಿನಲ್ಲಿ ರಬ್ಬರ್ ಇರುವ, ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಊಟದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೇ. ಅದನ್ನು ಇಡುವ ಜಾಗ ಮನೆಯವರಿಗೆಲ್ಲ ಗೊತ್ತಿರಲಿ.

ತೋಟ ಸುತ್ತುವ ರೈಟರ್‌ಗೆ, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೆ, ಲೈನ್‌ಮನ್‌ಗೆ ಸೊಂಟದ ಬೆಲ್ಟಿಗೆ ಅಥವಾ ಚೀಲದ ಪಟ್ಟಿಗೆ ಕಟ್ಟುವ ಕೊಂಡಿ ಇರುವ ಡ್ರೈಬ್ಯಾಗ್ ಬೇಕು. ರೇನ್‌ಕೋಟಿನ ಜೇಬನ್ನು ನಂಬಬಾರದು, ಬೆವರು ಮತ್ತು ಮಳೆ ಎರಡೂ ಸೇರುವ ಜಾಗ ಅದು. ಇವರ ಕೆಲಸಕ್ಕೆ 10,000ದ ಹಗುರ ಪವರ್ ಬ್ಯಾಂಕೇ ಸರಿ. ಇವರ ಫೋನು ಸತ್ತರೆ ಊರಿಗೇ ತೊಂದರೆ, ಹಾಗಾಗಿ ಒಳ್ಳೆಯ ಕೇಸು ಮೊದಲು ಸಿಗಬೇಕಾದ್ದು ಇವರಿಗೆ.

ಕಳಸ–ಕುದುರೆಮುಖ ರಸ್ತೆಯಲ್ಲಿ ಪಿಕಪ್, ಜೀಪು ಓಡಿಸುವವರಿಗೆ ಕುಲುಕಾಟ ತಡೆಯುವ ಇವಿಎ ಪೆಟ್ಟಿಗೆ ಹೊಂದುತ್ತದೆ. ವಾಹನದೊಳಗೆ ಮಳೆ ಬರುವುದಿಲ್ಲವಾದ್ದರಿಂದ ಅದರ ಜಿಪ್‌ನ ಕೊರತೆ ಇಲ್ಲಿ ಲೆಕ್ಕಕ್ಕಿಲ್ಲ.

ಕುದುರೆಮುಖ, ನೇತ್ರಾವತಿ ಶಿಖರಕ್ಕೆ ಚಾರಣ ಬರುವವರಲ್ಲಿ ಒಂದು ಬಿನ್ನಹ. ಪವರ್ ಬ್ಯಾಂಕಿಗೆ ಸುತ್ತಿದ ಜಿಪ್‌ಲಾಕ್ ಕೊಟ್ಟೆಗಳನ್ನು ಹುಲ್ಲುಗಾವಲಿನಲ್ಲಿ ಬಿಟ್ಟು ಹೋಗಬೇಡಿ. ವರ್ಷಗಟ್ಟಲೆ ಬಾಳುವ ಒಂದು ಡ್ರೈಬ್ಯಾಗ್ ತನ್ನಿ, ಮರಳಿ ಒಯ್ಯಿರಿ.

15. ಒದ್ದೆಯಾದರೆ ಒಲೆಯ ಬಳಿ ಇಡಬೇಡಿ, ಉಬ್ಬಿದರೆ ಮುಚ್ಚಿಡಬೇಡಿ

ಮಳೆಗಾಲದಲ್ಲಿ ನಮ್ಮಲ್ಲಿ ಒದ್ದೆಯಾದದ್ದೆಲ್ಲ ಬಚ್ಚಲ ಒಲೆಯ ಮೇಲಿನ ದಾರಕ್ಕೋ ಕಟ್ಟೆಗೋ ಹೋಗುತ್ತದೆ. ಬಟ್ಟೆಗೆ ಅದು ಸರಿ, ಪವರ್ ಬ್ಯಾಂಕಿಗೆ ಅಪಾಯ. ಒದ್ದೆಯಾಗಿದ್ದರೆ ಕೇಸಿನಿಂದ ಬಿಡಿಸಿ, ಕಿಂಡಿ ಕೆಳಮುಖವಾಗಿಸಿ ನೀರಿಳಿಸಿ, ಒಣ ಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ಇಡಿ. ಚಾರ್ಜಿಗೆ ಹಾಕಬೇಡಿ, ಗುಂಡಿ ಒತ್ತಿ ನೋಡಬೇಡಿ. ಅಕ್ಕಿ ಡಬ್ಬದಲ್ಲಿ ಹೂತರೆ ಕಿಂಡಿಗೆ ಹಿಟ್ಟು ಸೇರುವುದೇ ಹೆಚ್ಚು. ಕೆಸರು ನೀರು ಒಳಹೊಕ್ಕಿದ್ದರೆ ಒಣಗಿದ ಮೇಲೂ ಅದನ್ನು ಬಳಸುವುದು ಬೇಡ.

ತಿಂಗಳಿಗೊಮ್ಮೆ ಕೇಸಿನಿಂದ ಹೊರತೆಗೆದು ಸಮತಟ್ಟಾದ ಮೇಜಿನ ಮೇಲೆ ಇಡಿ. ಬುಗುರಿಯಂತೆ ತಿರುಗಿದರೆ ಅಥವಾ ಅಂಚು ಬಿಟ್ಟುಕೊಂಡಿದ್ದರೆ ಸೆಲ್ ಉಬ್ಬಿದೆ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಮನೆಯ ಹೊರಗೆ, ಮಳೆ ತಾಗದ ಕಲ್ಲಿನ ಮೇಲೆ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ತಲುಪಿಸಿ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದ್ದು. ಕೊಂಡ ಅಂಗಡಿಯಲ್ಲಿ, ಕಂಪನಿಯ ಗ್ರಾಹಕ ಸೇವೆಯಲ್ಲಿ ಧೈರ್ಯವಾಗಿ ಕೇಳಿ. ಬಚ್ಚಲ ಒಲೆಗೆ ಎಸೆದರೆ ಸ್ಫೋಟಿಸುತ್ತದೆ. ಗೊಬ್ಬರಗುಂಡಿಗೆ ಹಾಕಿದರೆ ಅದರ ವಿಷ ಮುಂದಿನ ವರ್ಷ ನಿಮ್ಮದೇ ಅಡಿಕೆಯ ಬುಡಕ್ಕೆ ಬರುತ್ತದೆ.

ಕೊನೆಗೆ ಕೊಳ್ಳುವ ಸಮಯದ ಮಾತು. ಕೇಸಿಗೆ ಪವರ್ ಬ್ಯಾಂಕಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ನನಗೆ ಕಂಡಿಲ್ಲ. ಸಿಲಿಕೋನ್ ಕವರನ್ನು ಊರಿನ ಮೊಬೈಲ್ ಅಂಗಡಿಯಲ್ಲೇ ಹಾಕಿ ನೋಡಿ ಕೊಳ್ಳಿ, ಡ್ರೈಬ್ಯಾಗನ್ನು ಆನ್‌ಲೈನಿನಲ್ಲಿ ತರಿಸಿ. ಘಾಟಿ ಮುಚ್ಚಿದರೆ, ಗುಡ್ಡ ಜರಿದರೆ ಪಾರ್ಸೆಲ್ ಬರುವುದಿಲ್ಲ. ಆದ್ದರಿಂದ ರೋಹಿಣಿ ಮಳೆಗೆ ಮೊದಲೇ, ಮೇ ಮೂರನೇ ವಾರದೊಳಗೆ ಎರಡೂ ಮನೆಯಲ್ಲಿರಲಿ. ಗುಡ್ಡದ ಒಂಟಿ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದರೆ, ಮಕ್ಕಳು ಬೆಂಗಳೂರಿನಲ್ಲಿದ್ದರೆ, ಅವರಿಗೂ ಒಂದು ಜೊತೆ ಕೊಂಡು ಕೊಡಿ, ಹಾಕುವುದು ತೆಗೆಯುವುದು ಎರಡನ್ನೂ ಪಕ್ಕದಲ್ಲಿ ಕೂತು ಕಲಿಸಿಕೊಡಿ.